ಹುಲಿ ರೂಪಾಯಿ ಮೂರು ಸಲ ಪರೀಕ್ಷೆಗೆ ಕೂತಿದ್ದು

ಚಾಮರಾಜಪೇಟೆಯಲ್ಲಿ ಬೈರಯ್ಯನವರ ಮನೆ ಯಾವುದು ಎಂದು ಕೇಳಿದರೆ ‘ಕಾಯಿನ್ ಬೈರಯ್ಯನವರದಾ?’ ಎಂದು ಮರುಪ್ರಶ್ನೆ ಬರುತ್ತದೆ. ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಫುಟ್‌ಬೋರ್ಡಿನ ಮೇಲೆ ಒಂಟಿ ಕಾಲಲ್ಲಿ ನಿಂತಿದ್ದಾಗಲೂ ಕೈಗೆ ಬಿದ್ದ ನಾಣ್ಯ ಹೊಸದೋ, ಸವೆದದ್ದೋ, ಖೋಟಾವೋ ಎಂದು ಹೆಬ್ಬೆರಳಿನಲ್ಲೇ ಗುರುತಿಸುತ್ತಿದ್ದರಂತೆ. ಹಾಗೆಂದು ಅವರೇ ಹೇಳುತ್ತಾರೆ, ಅದೂ ದಿನಕ್ಕೆ ಎರಡು ಸಲ. ಹೆಂಡತಿ ಗಂಗರತ್ನಮ್ಮ ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆಗಿದ್ದವರು. ಆಕೆ ಅದಕ್ಕೆ ಹೂಂ ಎಂದೂ ಅನ್ನುವುದಿಲ್ಲ, ಊಹೂಂ ಎಂದೂ ಅನ್ನುವುದಿಲ್ಲ.

ತಿಂಗಳಿಗೊಂದು ಭಾನುವಾರ ಶಂಕರಪುರಂನ ಸಣ್ಣ ಹಾಲ್‌ನಲ್ಲಿ ನಾಣ್ಯ ಸಂಗ್ರಹಕಾರರ ಸಂಘ ಸೇರುತ್ತದೆ. ಅಲ್ಲಿ ಬೈರಯ್ಯನವರಿಗೆಂದೇ ಕಿಟಕಿಯ ಪಕ್ಕ ಒಂದು ಕುರ್ಚಿ. ಯಾರಾದರೂ ನಾಣ್ಯ ಕೊಟ್ಟರೆ ಅಂಚಿನಲ್ಲಿ ಹಿಡಿದು, ಬೆಳಕಿಗೆ ಎರಡು ಸಲ ಹೊರಳಿಸಿ, ಎಪ್ಪತ್ತಕ್ಕೆ ಇಷ್ಟು ಅಂಕ ಎನ್ನುತ್ತಿದ್ದರು. ಅರವತ್ತು ದಾಟಿದರೆ ಯಾರ ಜೇಬೂ ಕಾಣದ ನಾಣ್ಯ, ಅದಕ್ಕಿಂತ ಕೆಳಗಿದ್ದರೆ ಚಲಾವಣೆಯಲ್ಲಿ ಓಡಾಡಿದ್ದು. ವಾರ್ಷಿಕ ಪ್ರದರ್ಶನದ ಬಹುಮಾನವೂ ಅವರ ಬಾಯಿಂದಲೇ ಬರಬೇಕು. ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಉಳಿದ ಒಂದೇ ಗತ್ತು ಅದು.

ಆ ಕುರ್ಚಿಗೇ ಸಂಚಕಾರ ತಂದವನು ಕಾರ್ಯದರ್ಶಿ ಅನಿಲ್ ಕುಮಾರ್. ಗಾಂಧಿನಗರದಲ್ಲಿ ಆಫೀಸು, ಮೈಮೇಲೆ ಇಸ್ತ್ರಿ ಕೆಡದ ಅಂಗಿ. ಅವನ ಬಳಿ ಇದ್ದ ನಾಣ್ಯಗಳೆಲ್ಲ ಒಂದು ದೊಡ್ಡ ಕಂಪನಿಗೆ ಹೋಗಿ, ಅಂಕದ ಚೀಟಿ ಸಮೇತ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತು ಬಂದವು.

“ಈ ವರ್ಷದಿಂದ ಕಂಪನಿ ಮಾರ್ಕ್ಸ್ ಇರೋ ನಾಣ್ಯ ಮಾತ್ರ ಪ್ರದರ್ಶನಕ್ಕೆ. ಜಡ್ಜು ಬೇಕಾಗಿಲ್ಲ. ಬೈರಯ್ಯ ಸಾರ್, ಬೇಜಾರು ಮಾಡ್ಕೋಬೇಡಿ, ಕಣ್ಣು ಮೂಡಿನ ಮೇಲೆ ನಡೆಯತ್ತೆ. ಕಂಪನಿ ಹಾಗಲ್ಲ.”

ಅಧ್ಯಕ್ಷ ನಾರಾಯಣಪ್ಪನವರು ನಯವಾಗಿ, ಇದನ್ನು ವಾರ್ಷಿಕ ಸಭೆಯಲ್ಲಿ ತೀರ್ಮಾನಿಸೋಣ ಎಂದರು. ಅದಕ್ಕೆ ಇನ್ನು ಆರು ತಿಂಗಳಿತ್ತು. ಬೈರಯ್ಯ ಅಂದು ಕಾಫಿ ಕುಡಿಯದೆ ಮನೆಗೆ ಬಂದರು, ಅಂದರೆ ಎಷ್ಟು ನೊಂದಿದ್ದರು ನೋಡಿ.

ಅವರಲ್ಲಿ ಒಂದು ಹುಲಿ ರೂಪಾಯಿ ಇತ್ತು. ೧೯೪೭ರದು, ಒಂದು ಕಡೆ ರಾಜನ ಮುಖ, ಇನ್ನೊಂದು ಕಡೆ ಹುಲಿ. ಗಾಂಧಿ ಬಜಾರಿನಲ್ಲಿ ಹತ್ತಿದ ಮುದುಕಿಯೊಬ್ಬರು ಕುಂಕುಮದ ಭರಣಿಯಿಂದ ತೆಗೆದು ಟಿಕೆಟ್ಟಿಗೆ ಕೊಟ್ಟದ್ದು. ಚೀಲಕ್ಕೆ ತಮ್ಮ ರೂಪಾಯಿ ಹಾಕಿ ಅದನ್ನು ಇಟ್ಟುಕೊಂಡಿದ್ದರು. “ಇದು ಅರವತ್ತಮೂರು. ಸಾವಿರ ನಾಣ್ಯದ ಮಧ್ಯೆ ಹಾಕಿದ್ರೂ ನನ್ನ ಹುಲೀನ ನಾನು ಹುಡುಕ್ತೀನಿ,” ಎನ್ನುವುದು ಅವರ ಖಾಯಂ ಮಾತು. ಅದನ್ನೇ ಕಂಪನಿಗೆ ಕಳಿಸಿದರು.

ಬಂದದ್ದು ಐವತ್ತೆಂಟು.

ಬೈರಯ್ಯ ಅಡುಗೆಮನೆಗೆ ಹೋಗಿ, ಎಲೆಅಡಿಕೆ ಕುಟ್ಟುವ ಕುಟ್ಟಾಣಿ ತಂದು, ಡಬ್ಬಿಯ ಮೂಲೆಗೆ ಎರಡೇಟು ಹಾಕಿ ಹುಲಿಯನ್ನು ಬಿಡಿಸಿಕೊಂಡರು. ಅದೇ ನಾಣ್ಯವನ್ನು ಈ ಸಲ ಗಂಗರತ್ನಮ್ಮನ ಹೆಸರಿನಲ್ಲಿ ಕಳಿಸಿದರು. ಅರವತ್ತನಾಲ್ಕು ಬಂತು. ಅರವತ್ತೇಳು ವರ್ಷದ ಮನುಷ್ಯ ಹಜಾರದಲ್ಲಿ, ಬುದ್ಧ ಮತ್ತು ಬಾಬಾಸಾಹೇಬರ ಪಟಗಳ ಎದುರಿಗೆ, ಲುಂಗಿ ಎತ್ತಿ ಕಟ್ಟಿ ಕುಣಿದರು. ಕೇಸರಿಬಾತ್ ಆಯಿತು, ಪಕ್ಕದ ಮನೆಗೂ ಹೋಯಿತು. ಏಕೆಂದು ಪಕ್ಕದ ಮನೆಯವರಿಗೆ ಇವತ್ತಿಗೂ ಗೊತ್ತಿಲ್ಲ.

ಕುಣಿತ ಮುಗಿದ ಮೇಲೆ, ಈ ಅರವತ್ತನಾಲ್ಕಾದರೂ ನಿಲ್ಲುತ್ತದೆಯೇ ನೋಡೋಣ ಎಂದು ಮತ್ತೆ ಕುಟ್ಟಾಣಿ. ಮೂರನೆಯ ಸಲ ಮಗಳು ವಿಶಾಖಾಳ ಹೆಸರಿನಲ್ಲಿ. ಈ ಬಾರಿ ಚೀಟಿಯಲ್ಲಿ ಅಂಕವೇ ಇರಲಿಲ್ಲ; ನಾಣ್ಯವನ್ನು ಯಾರೋ ಉಜ್ಜಿ ತೊಳೆದಿದ್ದಾರೆ, ಅಂಕ ಕೊಡಲಾಗದು ಎಂದಿತ್ತು. ಬಟ್ಟೆ ಕೂಡ ಸೋಕಿಸಿರದ ನಾಣ್ಯ.

“ತಂದೆಗೆ ಐವತ್ತೆಂಟು, ತಾಯಿಗೆ ಅರವತ್ತನಾಲ್ಕು, ಮಗಳು ಫೇಲು,” ಎಂದು ಬೈರಯ್ಯ ಮನೆತುಂಬ ಹೇಳಿಕೊಂಡು ತಿರುಗಿದರು. “ಒಂದೇ ಹುಲಿ ಕಣೇ ಗಂಗಾ. ಈ ಭಾನುವಾರ ವಾರ್ಷಿಕ ಸಭೇಲಿ ಆ ಅನಿಲ್ ಕುಮಾರ್ ಮುಂದೆ ಮೂರು ಚೀಟೀನೂ ಸಾಲಾಗಿ ಇಡ್ತೀನಿ. ನನ್ನ ಕುರ್ಚಿ ಅಲ್ಲಾಡಿಸೋಕೆ ಬಂದನಲ್ಲ.” ಕನ್ನಡಿಯ ಮುಂದೆ ನಿಂತು ಭಾಷಣವನ್ನೂ ಅಭ್ಯಾಸ ಮಾಡಿದರು.

ಗಂಗರತ್ನಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಿಸಿಕೊಂಡರು. “ರೀ, ಅಷ್ಟು ಜನದ ಮುಂದೆ ಕಂಪನಿಗೆ ಬೈತೀರಲ್ಲ, ಅದಕ್ಕೆ ಮುಂಚೆ ನೀವೂ ಒಂದು ಟೆಸ್ಟ್ ತಗೊಂಡ್ಬಿಡಿ.”

“ತಗೋತೀನಿ. ಅದಕ್ಕೇನಂತೆ?”

ಮನೆಯಲ್ಲಿ ಇನ್ನೂ ಒಂಬತ್ತು ಹುಲಿ ರೂಪಾಯಿಗಳಿದ್ದವು. ಮೂರನೆಯ ಡಬ್ಬಿಯಿಂದಲೂ ಬಿಡುಗಡೆಯಾದ ಹುಲಿಯನ್ನು ಸೇರಿಸಿ ಗಂಗರತ್ನಮ್ಮ ಹತ್ತನ್ನೂ ಒಂದೊಂದು ಲಕೋಟೆಗೆ ಹಾಕಿದರು. ಉತ್ತರಪತ್ರಿಕೆಗೆ ಹಾಕುವಂತೆ ತಮಗೊಬ್ಬರಿಗೇ ಗೊತ್ತಾಗುವ ನಂಬರು ಹಾಕಿದರು. ಶನಿವಾರ ಬೆಳಗಿನ ತಿಂಡಿಯಾದ ಮೇಲೆ ಒಂದು ಸುತ್ತು. ಮುದ್ದೆ, ಬಸ್ಸಾರು, ಒಂದು ಸಣ್ಣ ನಿದ್ದೆ ಆದ ಮೇಲೆ, ಕಲಸಿ ಹೊಸ ನಂಬರು ಹಾಕಿದ ಅವೇ ಹತ್ತು ನಾಣ್ಯಗಳ ಇನ್ನೊಂದು ಸುತ್ತು. ಬೈರಯ್ಯ ಎರಡು ಸಲವೂ ಗತ್ತಿನಿಂದಲೇ ಅಂಕ ಹೇಳಿದರು. ಆಕೆ ಎರಡು ಸಲವೂ ಬರೆದುಕೊಂಡರು.

ಸಂಜೆ ಕಾಫಿಯ ಜೊತೆ ಫಲಿತಾಂಶ ಬಂತು. ಹತ್ತರಲ್ಲಿ ಆರಕ್ಕೆ ಬೆಳಗ್ಗೆ ಒಂದು ಅಂಕ, ಮಧ್ಯಾಹ್ನ ಇನ್ನೊಂದು. ಸಾವಿರದಲ್ಲೂ ಹುಡುಕುತ್ತೇನೆಂದಿದ್ದ ಸ್ವಂತ ಹುಲಿಗೆ ಬೆಳಗ್ಗೆ ಅರವತ್ತೆರಡು, ಮುದ್ದೆ ಉಂಡ ಮೇಲೆ ಐವತ್ತೇಳು.

“ಕಂಪನಿಗಿಂತ ಒಂದು ಕಮ್ಮಿ,” ಎಂದರು ಗಂಗರತ್ನಮ್ಮ.

ಬೈರಯ್ಯ ಕಾಗದ ಎಳೆದುಕೊಂಡು ಎರಡೂ ಸುತ್ತಿನ ಅಂಕ ತಾಳೆ ನೋಡಿದರು. ನಿಜಕ್ಕೂ ಸಂಕಟವಾಯಿತು ಅವರಿಗೆ. “ಹಾಗಾದ್ರೆ ಇಷ್ಟು ವರ್ಷ ನಾನು ಹೇಳಿದ್ದೆಲ್ಲ?”

ಗಂಗರತ್ನಮ್ಮನಿಗೆ ಪಾಪ ಅನ್ನಿಸಿತು. ಮೂವತ್ತೆಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಅಂದು ಹೊರಗೆ ತೆಗೆದರು.

“ನೀವು ಹೆಣ್ಣು ನೋಡೋಕೆ ಓಡಾಡ್ತಿದ್ರಲ್ಲ, ಏಳೆಂಟು ಕಡೆ. ಮಾಮೂಲ್‌ಪೇಟೇಲಿ ಒಂದು ಹುಡುಗಿ ನೋಡಿದ್ರಿ, ನೆನಪಿದ್ಯಾ? ಕರೆಂಟ್ ಹೋಗಿತ್ತು, ಸೀಮೆಎಣ್ಣೆ ದೀಪ. ಉಪ್ಪಿಟ್ಟು ತಳ ಹಿಡಿದಿತ್ತು.”

“ಹೂಂ. ರತ್ನ ಅಂತ ಏನೋ ಹೆಸರು. ಮುಖದಲ್ಲಿ ಕಳೆ ಇಲ್ಲ ಅಂತ ಬೇಡ ಅಂದಿದ್ದೆ.”

“ಅದು ನಾನೇ.”

ಬೈರಯ್ಯ ಲೋಟ ಕೆಳಗಿಟ್ಟು ಹೆಂಡತಿಯ ಮುಖವನ್ನೇ ನೋಡಿದರು.

“ಅದು ನಮ್ಮ ಸೋದರಮಾವನ ಮನೆ. ಏಳು ತಿಂಗಳಾದ ಮೇಲೆ ಬೇರೆ ದಲ್ಲಾಳಿ ನಿಮ್ಮನ್ನ ನಮ್ಮ ದೊಡ್ಡಮ್ಮನ ಮನೆಗೆ ಕರ್ಕೊಂಡು ಬಂದ. ಹಗಲು ಹೊತ್ತು, ತಲೆತುಂಬ ಮಲ್ಲಿಗೆ, ಗಂಗಾ ಅಂತ ಹೇಳಿದ್ರು. ‘ಎಂಥಾ ಲಕ್ಷಣವಾದ ಹುಡುಗಿ’ ಅಂತ ನಿಂತ ಕಾಲಲ್ಲಿ ಒಪ್ಕೊಂಡ್ರಿ.”

ಮೊದಲು ಬೈರಯ್ಯನವರ ಭುಜ ಅಲುಗಿತು, ಆಮೇಲೆ ಹೊಟ್ಟೆ. ನಕ್ಕು ನಕ್ಕು ಕೆಮ್ಮು ಹತ್ತಿ, ಗಂಗರತ್ನಮ್ಮ ಬೆನ್ನು ತಟ್ಟಬೇಕಾಯಿತು. ತಟ್ಟುತ್ತಾ ಆಕೆಯೂ ನಕ್ಕರು.

ಮರುದಿನ ಗಂಗರತ್ನಮ್ಮನನ್ನೂ ಕರೆದುಕೊಂಡು ಹೋದ ಬೈರಯ್ಯ ಸಭೆಯಲ್ಲಿ ಮೂರು ಚೀಟಿಗಳನ್ನೂ ಮೇಜಿನ ಮೇಲಿಟ್ಟು ಕಥೆ ಹೇಳಿದಾಗ ಹಾಲ್ ಚಪ್ಪಾಳೆಯಿಂದ ತುಂಬಿತು. ಅನಿಲ್ ಕುಮಾರ್ ಮುಖ ಸಪ್ಪಗಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಕುರ್ಚಿ ಭದ್ರ. ಆದರೆ ಬೈರಯ್ಯ ಜೇಬಿನಿಂದ ಇನ್ನೊಂದು ಕಾಗದ ತೆಗೆದರು.

“ಸ್ವಲ್ಪ ತಡೀರಿ. ಇದು ನನ್ನ ಮಾರ್ಕ್ಸ್ ಕಾರ್ಡು.”

ಒಂದನ್ನೂ ಬಿಡದೆ ಓದಿದರು. ಸ್ವಂತ ಹುಲಿಯ ಐವತ್ತೇಳನ್ನೂ ಓದಿದರು. ಮೊದಲು ನಕ್ಕವರು ನಾರಾಯಣಪ್ಪ, ಆಮೇಲೆ ಇಡೀ ಸಭೆ. ಅನಿಲ್ ಕುಮಾರ್ ಕಣ್ಣೊರೆಸಿಕೊಂಡು ಎದ್ದು ನಿಂತ.

“ಸಾರ್, ನಂದೂ ಒಂದು ಹೇಳ್ಬಿಡ್ತೀನಿ. ನನ್ನ ಅರವತ್ತಾರು ಮಾರ್ಕ್ಸಿನ ನಾಣ್ಯ ಇದ್ಯಲ್ಲ, ಅದನ್ನ ನಾಲ್ಕು ಸಲ ಕಳಿಸಿದೀನಿ. ಅರವತ್ತಾರು ಬಂದ ಮೇಲೆ ನಿಲ್ಲಿಸ್ದೆ.”

ತೀರ್ಮಾನ ಹೀಗಾಯಿತು: ಪ್ರದರ್ಶನದಲ್ಲಿ ಕಂಪನಿಯ ಚೀಟಿಗೆ ಕಾಗದ ಅಂಟಿಸಿ ಮುಚ್ಚುವುದು, ಮೂವರು ಕೂತು ಎರಡೆರಡು ಸಲ ನೋಡುವುದು, ಊಟಕ್ಕೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ. ಮಧ್ಯದ ಕುರ್ಚಿ ಬೈರಯ್ಯನವರದು. ನಂಬರು ಹಾಕುವ ಕೆಲಸ ಗಂಗರತ್ನಮ್ಮನವರದು.

ಇಬ್ಬರೂ ಶಂಕರಪುರಂನಿಂದ ನಡೆದೇ ಹೊರಟರು. ಅರ್ಧ ದಾರಿಯಲ್ಲಿ ಬೈರಯ್ಯ ಏನೋ ಹೊಳೆದು ನಿಂತರು.

“ಅಲ್ವೇ ಗಂಗಾ, ಒಂದು ಸಲ ಬೇಡ ಅಂದವನು ನಾನೇ ಅಂತ ನಿಂಗೆ ಗೊತ್ತಿತ್ತಲ್ಲ. ಆದ್ರೂ ಯಾಕೆ ಒಪ್ಕೊಂಡೆ?”

ಗಂಗರತ್ನಮ್ಮ ಸೆರಗು ಸರಿಮಾಡಿಕೊಂಡು ನಡೆಯುತ್ತಲೇ ಹೇಳಿದರು. “ಮಾಮೂಲ್‌ಪೇಟೇಲಿ ನಾನೂ ನಿಮ್ಮನ್ನ ಬೇಡ ಅಂದಿದ್ದೆ. ನಿಮ್ಮ ಕಡೆಯವರು ಮೊದಲು ಹೇಳಿ ಕಳಿಸಿದ್ರು, ಅಷ್ಟೇ.”