ಅವ್ವನ ಕಡೆಯ ಚಿಲಕ

ರಂಗೋಲಿಯ ಆ ಗೆರೆಯನ್ನು ಅವ್ವ ತಾನಾಗಿ ಅಳಿಸಿದಳೋ, ನನ್ನ ಮಗಳ ಕಾಲು ತಾಗಿ ಅಳಿಸಿಹೋಯಿತೋ, ಈಗ ನನಗೆ ಖಾತ್ರಿಯಿಲ್ಲ. ಅವ್ವನೇ ಅಳಿಸಿದಳು ಎಂದು ಎಷ್ಟೋ ವರ್ಷ ಎಲ್ಲರೆದುರು ಹೇಳಿಕೊಂಡು ಬಂದಿದ್ದೇನೆ. ಆದರೆ ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಸಂಖ್ಯಾಶಾಸ್ತ್ರ. ನೆನಪು ತನಗೆ ಬೇಕಾದ ಕಡೆಗೇ ವಾಲುತ್ತದೆ ಎಂಬುದನ್ನು ಬೇರೆಯವರ ವಿಷಯದಲ್ಲಿ ಥಟ್ಟನೆ ಒಪ್ಪುತ್ತೇನೆ. ನನ್ನ ವಿಷಯಕ್ಕೆ ಬಂದಾಗ ಅಷ್ಟು ಸುಲಭವಿಲ್ಲ.

ಆಗ ನಾವೆಲ್ಲ ಬಂಗಾಲಿಗಳ ಊರಿನ ಲೇಕ್ ಗಾರ್ಡನ್ಸ್ ಬಡಾವಣೆಯ ಬಾಡಿಗೆ ಮನೆಯೊಂದರಲ್ಲಿ ಒಟ್ಟಿಗೇ ಇದ್ದೆವು. ಅಪ್ಪ ರೈಲ್ವೆ ನೌಕರಿಗೆಂದು ಧಾರವಾಡದಿಂದ ಬಂದವರು, ಸಿಯಾಲ್ದಾದ ಕಚೇರಿಯಲ್ಲೇ ನಿವೃತ್ತರಾದರು. ನಮ್ಮ ಬಾಡಿಗೆ ಮನೆಯ ಓಣಿಯಲ್ಲೇ ಒಂದು ಹಳೆಯ ಮನೆ ಸಿಕ್ಕಿತು. ಅದನ್ನು ಕೊಂಡು, ಕೆಡವಿ, ಹೊಸದು ಕಟ್ಟುವುದೆಂದು ಆಯಿತು. ಮೇಲೆ ನಾನು, ಹೆಂಡತಿ, ಮಗಳು. ಕೆಳಗೆ ಅವ್ವ ಅಪ್ಪನಿಗೆ ಪುಟ್ಟ ಫ್ಲಾಟು. ಅದರ ಅಡುಗೆಮನೆ, ಬಚ್ಚಲು, ಬೀದಿಯ ಬಾಗಿಲು ಎಲ್ಲ ಅವರದೇ. ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ ನಾನು ಹೆಮ್ಮೆಯಿಂದ, "ಇದು ಪೂರಾ ನಿಮಗ ಬ್ಯಾರೆ," ಅಂದೆ.

ಅವ್ವನ ಮುಖ ಸಣ್ಣದಾಯಿತು. "ಬ್ಯಾರೆ? ನಾವೇನ ಜಗಳಾ ಮಾಡೀವೇನೋ ನಿನ್ನ ಕೂಡ?"

ನಮ್ಮ ಕಡೆ ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡು ಒಲೆ ಎರಡಾದರೆ 'ಬ್ಯಾರೆ ಆದರು' ಅನ್ನುತ್ತಾರೆ. ನಕ್ಷೆ ಬರೆದವರು ಇಂಡಿಪೆಂಡೆಂಟ್ ಅಂದಿದ್ದರು. ಅದಕ್ಕೆ ನನ್ನ ಬಾಯಿಗೆ ಬಂದ ಕನ್ನಡ ಅದೊಂದೇ.

ಅಪ್ಪ ನಡುವೆ ಬಂದರು. "ಹಂಗಲ್ಲ ಅದು. ನೀ ಭಾಂಡೆ ಕುಕ್ಕೋ ಸಪ್ಪಳಾ ಮ್ಯಾಲಿನವರಿಗೆ ಕೇಳಬಾರದಂತ."

"ನಿಮ್ಮ ಗೊರಕಿ ಕೇಳಂಗಿಲ್ಲೇನು?" ಅಂದಳು ಅವ್ವ. ನಕ್ಷೆಯನ್ನು ಒಮ್ಮೆ ಹಿಂದುಮುಂದಾಗಿ ತಿರುಗಿಸಿ ನೋಡಿ ಕೆಳಗಿಟ್ಟಳು. "ಈ ಕಾಗದದಾಗ ನನಗೇನೂ ತಿಳಿಯಂಗಿಲ್ಲ. ನಿಂತು ನೋಡಬೇಕು."

ಮುಂದಿನ ಭಾನುವಾರ ಅವಳು ರಂಗೋಲಿ ಡಬ್ಬಿ ಹಿಡಿದು ಬಾಡಿಗೆ ಮನೆಯ ಛಾವಣಿ ಹತ್ತಿದಳು. ಅಪ್ಪ ಟೇಪು ಹಿಡಿದು ಅಳತೆ ಕೂಗುವುದು, ಅವ್ವ ಬಗ್ಗಿ ಗೋಡೆ ಎಳೆಯುವುದು. ನಿಜವಾದ ಅಳತೆಯ ಮನೆ ಬಿಸಿಲಿನಲ್ಲಿ ಬೆಳ್ಳಗೆ ಎದ್ದು ಬಂತು. ಬಟ್ಟೆ ಒಣಹಾಕಲು ಬಂದ ಮನೆಯೊಡತಿ ದಂಗಾಗಿ, "ಕೀಶೇರ್ ಪೂಜೋ, ದೀದಿ?" ಎಂದು ಕೇಳಿದಳು, ಇದು ಯಾವ ಪೂಜೆಯ ಸಿದ್ಧತೆ ಎಂದು.

"ಬಾಡೀರ್ ಪೂಜೋ," ಅಂದಳು ಅವ್ವ. ಬಂಗಾಲಿಯಲ್ಲಿ ಬಾಡಿ ಎಂದರೆ ಮನೆ. ಆಮೇಲೆ ನಮ್ಮ ಕಡೆ ತಿರುಗಿ ತನ್ನ ಹಳೆಯ ಚಟಾಕಿಯನ್ನು ಮತ್ತೊಮ್ಮೆ ಹಾರಿಸಿದಳು: "ಬಾಡಿಗಿ ಬಾಡಿಯೊಳಗ ಬಾಡಿ ಹೋದ್ವಿ. ಇನ್ನರ ನಮ್ಮ ಬಾಡಿ ಬರ್ಲಿ."

ಅಡುಗೆಮನೆಯ ಚೌಕದಲ್ಲಿ ನಿಂತು, ಇಲ್ಲದ ಕಪಾಟಿಗೆ ಕೈ ಚಾಚಿ, ಇಲ್ಲದ ಒಲೆಯ ಕಡೆಗೆ ತಿರುಗಿ ನೋಡಿದಳು. ಸರಿಯಾಯಿತೆಂದು ತಲೆಯಾಡಿಸಿದಳು.

"ನಾ ಎಲ್ಲೆ ಕೂಡ್ಲಿ?" ಅಪ್ಪ ಕೇಳಿದರು.

"ಮೊದಲ ಹೊರಗ ಬರ್ರಿ. ಬಚ್ಚಲದಾಗ ನಿಂತೀರಿ."

ನಕ್ಷೆಯಲ್ಲಿ ಮೇಲಿನಿಂದ ಇಳಿಯುವ ನಮ್ಮ ಮೆಟ್ಟಿಲು ಅವ್ವನ ಅಡುಗೆಮನೆಯ ಗೋಡೆಗೆ ಹೊಂದಿಕೊಂಡು ಹೊರಗೆ ಹೋಗುತ್ತಿತ್ತು. ನಡುವೆ ಬರೀ ಗೋಡೆ, ಛಾವಣಿಯ ಮೇಲೆ ರಂಗೋಲಿಯ ಒಂದು ಗೆರೆ. ಮಗಳು ಮೆಟ್ಟಿಲ ಕಡೆಯಿಂದ ಓಡಿ ಬಂದು ಆ ಗೆರೆಯನ್ನು ಜಿಗಿದು ಒಳಗೆ ಬಿದ್ದಳು.

"ಏ, ಗ್ವಾಡಿ ದಾಟಿ ಬರ್ತಾರೇನು? ಬಾಗಲದಿಂದ ಬಾ," ಅವ್ವ ಗದರಿದಳು.

ಮಗಳಿಗೆ ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ದರ್ವಾಜಾ ಹೈ ಹೀ ನಹೀಂ, ಅಜ್ಜಿ!" ಬಾಗಿಲೇ ಇಲ್ಲವಲ್ಲ ಎಂದು.

ಅವ್ವ ಒಂದು ಕ್ಷಣ ಕೆಳಗೆ ನೋಡಿ, ಆಮೇಲೆ ಬಲಗಾಲಿನಿಂದ ಗೆರೆಯನ್ನು ಒರೆಸಿ ಬಾಗಿಲಿನಷ್ಟು ಜಾಗ ಮಾಡಿದಳು. ಇದು ನನ್ನ ನೆನಪು. ಮಗಳು ಜಿಗಿದಾಗಲೇ ಪುಡಿ ಚೆದುರಿತ್ತು, ಅತ್ತೆ ಸುಮ್ಮನೆ ನಿಂತಿದ್ದರು, ಎಂಬುದು ಹೆಂಡತಿಯ ನೆನಪು. ಅಪ್ಪ ಟೇಪು ಸುತ್ತುತ್ತಿದ್ದರಂತೆ, ನೋಡಿಲ್ಲ. ಮಗಳಿಗೆ ಛಾವಣಿಯೇ ನೆನಪಿಲ್ಲ.

ಆಮೇಲೆ ಅವ್ವ ಹೇಳಿದ ಮಾತಿನ ಬಗ್ಗೆ ಯಾರಿಗೂ ತಕರಾರಿಲ್ಲ. "ಇಲ್ಲೊಂದು ಬಾಗಲಾ ಇಡ್ರಿ. ಆದ್ರ ಚಿಲಕಾ ನನ್ನ ಕಡಿ ಇರ್ಲಿ. ನಿಮ್ಮ ಕಡಿ ಬ್ಯಾಡ." ನಾವು ಮುಖ ಮುಖ ನೋಡಿಕೊಂಡೆವು. ಅವಳು ನಕ್ಕಳು. "ಲಗ್ನ ಆಗಿ ಹೋದ ಮನಿಯೊಳಗ ಮಂದೀನ ಮಂದಿ. ಬಚ್ಚಲಾ ಬಿಟ್ರ, ಒಳಗಿಂದ ಚಿಲಕಾ ಹಾಕ್ಕೊಳ್ಳೋ ಜಾಗಾನ ಇರಲಿಲ್ಲ ನನಗ."

ಮನೆ ಎದ್ದಿತು. ಅಡುಗೆಮನೆಯ ಗೋಡೆಯಲ್ಲಿ ಆ ಬಾಗಿಲೂ, ಅದಕ್ಕೆ ಅವ್ವನ ಕಡೆಯಿಂದ ಚಿಲಕವೂ ಬಂದವು. ಈ ಓಣಿಯ ಹಳೆಯ ಕಿಟಕಿಗಳ ಹಸಿರು ಬಣ್ಣವೇ ಬೇಕೆಂದು ಅವ್ವ ಹಟ ಹಿಡಿದಳು, ಬಾಗಿಲಿಗೆ ಅದನ್ನೇ ಬಳಿಸಿದೆವು. ಬಣ್ಣದವನು ಮರ, ಕಬ್ಬಿಣ ಎಂದು ಭೇದ ಮಾಡದೆ ಎಲ್ಲದರ ಮೇಲೂ ಬ್ರಶ್ ಆಡಿಸಿ ಹೋದ. ಗೃಹಪ್ರವೇಶದ ದಿನ ಅವ್ವ ತನ್ನ ಕಡೆಯಿಂದ ಆ ಬಾಗಿಲಿಗೂ ಅರಿಶಿನ ಕುಂಕುಮದ ಬೊಟ್ಟು ಇಟ್ಟಳು.

ಸಂಜೆ ಬಾಗಿಲು ಹಾರುಹೊಡೆದಿರುತ್ತಿತ್ತು. ಮಗಳ ಪುಸ್ತಕ, ಚಪ್ಪಲಿ ಎಲ್ಲ ಕೆಳಗೇ. ಮಧ್ಯಾಹ್ನ ಮಾತ್ರ ಮುಚ್ಚಿರುತ್ತಿತ್ತು. ಮನೆಯಿಂದಲೇ ಆಫೀಸಿನ ಕೆಲಸ ಮಾಡುವ ದಿನಗಳಲ್ಲಿ ನನಗೆ ಒಂದು ಕಡೆ ಕೂರಲಾಗದು. ಏನೋ ನೆಪ ಮಾಡಿಕೊಂಡು ಮೆಟ್ಟಿಲಿಳಿದು ಬರುತ್ತಿದ್ದೆ. ಒಳಗೆ ಒಗ್ಗರಣೆ ಚಟಪಟ ಅನ್ನುತ್ತಿತ್ತು. ಇಲ್ಲಿಯ ಮುರಿ, ಅಂದರೆ ಮಂಡಕ್ಕಿ, ತಂದು, ನೆನೆಸಿ ಹಿಂಡಿ, ಅವ್ವ ಒಗ್ಗರಣೆಯ ಸೂಸಲಾ ಮಾಡುವ ಹೊತ್ತು ಅದು. ಹಸಿಮೆಣಸಿನಕಾಯಿಯ ಘಾಟು ಬಾಗಿಲ ಸಂದಿಯಿಂದ ಬಂದು ಮೂಗಿಗೆ ಹತ್ತುತ್ತಿತ್ತು. ಕೊನೆಯ ಮೆಟ್ಟಿಲ ಮೇಲೆ ನಿಂತಿರುತ್ತಿದ್ದೆ. ಇಷ್ಟು ವರ್ಷಕ್ಕೆ ಅವಳಿಗೊಂದು ಚಿಲಕ ಸಿಕ್ಕಿದೆ, ಹಾಕಿಕೊಂಡಿದ್ದಾಳೆ, ಇರಲಿ ಅಂದುಕೊಂಡು, ತಟ್ಟದೆ, ಮೇಲೆ ಹೋಗಿ ಬಿಸ್ಕತ್ತು ತಿನ್ನುತ್ತಿದ್ದೆ.

ಅವ್ವ ಹೋದ ಮೇಲೆ ಆ ಬಾಗಿಲು ಹಗಲೂ ರಾತ್ರಿ ತೆರೆದೇ ಇದೆ. ಮಧ್ಯಾಹ್ನ ಈಗಲೂ ಇಳಿದು ಬರುತ್ತೇನೆ. ಘಾಟಿಲ್ಲ. ಒಂದು ತಟ್ಟೆ ಸೂಸಲಾಕ್ಕಾಗಿ ಇಷ್ಟೊಂದು ಹಂಬಲಿಸಬಹುದೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಗೆರೆ ಅಳಿಸಿದ ಕತೆಯನ್ನು ನಾನು ಮತ್ತೆ ಮತ್ತೆ ಹೇಳುವುದೂ ಅದಕ್ಕೇ ಇರಬೇಕು. ಅವಳೇ ಬಾಗಿಲು ಬಿಟ್ಟಿದ್ದರೆ, ನಾವು ಬರಲಿ ಅಂತ ಅವಳಿಗೆ ಇತ್ತು ಅಂತಾಗುತ್ತದೆ. ಹೆಂಡತಿ ಒಮ್ಮೆ ಮೆಲ್ಲಗೆ, "ನೀವು ಬಾಗಿಲು ಬಾಗಿಲು ಅಂತೀರ. ಅತ್ತೆ ಕೇಳಿದ್ದು ಚಿಲಕ ಕಣ್ರೀ," ಅಂದಳು.

ಅಪ್ಪನನ್ನು ಕೇಳಿದೆ. "ಮಧ್ಯಾಹ್ನ ಅವ್ವ ಚಿಲಕಾ ಹಾಕ್ಕೋತಿದ್ಲೇನು?"

"ನನಗೇನ ಗೊತ್ತೋ? ಮಧ್ಯಾಹ್ನ ನಾ ಯಾವತ್ತ ಎಚ್ಚರಿದ್ದೆ?" ಅಂದರು. ಆಮೇಲೆ ತಾವೇ, "ಸೂಸಲಾ ಮಾತ್ರ ಯಾವಾಗಲೂ ಹೆಚ್ಚು ಮಾಡ್ತಿದ್ಲು. ಸಂಜಿಗೆ ಮೆತ್ತಗಾದ್ದು ನನಗ ಬೀಳ್ತಿತ್ತು," ಅಂದರು.

ಅದೂ ನೆನಪೇ, ಅಪ್ಪನದು, ಅದೂ ಅರೆನಿದ್ದೆಯದು. ಹಾಗಾಗಿ ನಾನೇ ಒಳಗೆ ಹೋಗಿ, ಬಾಗಿಲನ್ನು ಅರ್ಧ ಎಳೆದು, ಅವ್ವನ ಕಡೆಯಿಂದ ನೋಡಿದೆ. ಗೃಹಪ್ರವೇಶದ ಬೊಟ್ಟು ಮಾಸಿದ್ದರೂ ಹಸಿರಿನ ಮೇಲೆ ಹಾಗೇ ಇತ್ತು. ಅಂದರೆ ಆಮೇಲೆ ಯಾರೂ ಬಣ್ಣ ಬಳಿದಿಲ್ಲ. ಅದರ ಕೆಳಗೆ ಚಿಲಕ. ಸರಿಯುವ ಸರಳು, ಅದನ್ನು ಹಿಡಿದ ಬಳೆಗಳು, ಎಲ್ಲದರ ಮೇಲೂ ಬಣ್ಣ ಒಂದೇ ಪದರವಾಗಿ ಕೂತಿತ್ತು, ಎಲ್ಲೂ ಕೂದಲೆಳೆಯಷ್ಟೂ ಬಿರುಕಿಲ್ಲ. ಹೆಬ್ಬೆರಳಿನಿಂದ ಒತ್ತಿದೆ, ಅಲುಗಲಿಲ್ಲ. ಬಣ್ಣ ಬಳಿದ ದಿನದಿಂದ ಆ ಚಿಲಕವನ್ನು ಯಾರೂ ಒಮ್ಮೆಯೂ ಹಾಕಿರಲಿಲ್ಲ.