ಪೂಜೆಯ ಚರ್ಮಕ್ಕೆ ಆರಿಸಿದ ತೋಟಾ

ಮೊನ್ನೆ ಊಟಕ್ಕೆ ಕೂತ ಅಳಿಯ ಮೊಬೈಲಿನಲ್ಲಿ ಯಾವುದೋ ದೇಶದ ಬೇಟೆಗಾರನನ್ನು ನೋಡುತ್ತಿದ್ದ. ಜಿಂಕೆಗೆ ಯಾವ ರೈಫಲ್ ತೋಟಾ, ಹಂದಿಗೆ ಯಾವುದು ಎಂದು ಆ ಬೇಟೆಗಾರ ಬದನೆಕಾಯಿ ಆರಿಸಿದಂತೆ ವಿವರಿಸುತ್ತಿದ್ದ. ಬಡಿಸುತ್ತಿದ್ದ ನಾನು ಸೌಟು ಕೆಳಗಿಟ್ಟೆ.

ದಂಡಿನಶಿವರದ ನಮ್ಮ ತವರುಮನೆಯೊಳಗೆ ಮೊಟ್ಟೆಯೂ ಬರುತ್ತಿರಲಿಲ್ಲ. ಆದರೆ ತಾತನಿಗೆ ಪೂಜೆಗೆ ಕೂರಲು ಜಿಂಕೆಯ ಚರ್ಮ ಬೇಕಿತ್ತು. ಕೋವಿಯಿದ್ದ ಪಟೇಲರು ನಮ್ಮ ಜಗಲಿಯ ಮೇಲೆ ಎರಡು ಬಗೆಯ ತೋಟಾ ಇಟ್ಟರು. ಹಿತ್ತಾಳೆಯ ತಳ, ಮದ್ದಿನ ಘಾಟು.

“ದಪ್ಪ ಗುಂಡಿಂದಾದ್ರೆ ಅಲ್ಲೇ ಬೀಳ್ತದೆ ಕಣ್ರೀ. ಚರ್ಮ ಮಾತ್ರ ಹರಿದೋಯ್ತದೆ,” ಎಂದರು.

“ತೂತಿನ ಮೇಲೆ ಕೂತು ಶಿವನ್ನ ನೆನೀಲಾ? ಹಕ್ಕಿಗೆ ಹೊಡೆಯೋ ಸಣ್ಣದನ್ನೇ ಹಾಕಿ ಪಟೇಲ್ರೇ,” ಎಂದರು ತಾತ.

ಸಣ್ಣ ಗುಂಡು ತಿಂದ ಜಿಂಕೆ ಬೀಳದೆ ಓಡಿತು. ಮಾರನೆಯ ಬೆಳಿಗ್ಗೆ ನಮ್ಮ ತೆಂಗಿನ ತೋಟದಲ್ಲೇ ಸಿಕ್ಕಿತು. ಹೊಟ್ಟೆಯ ತುಂಬ ಸಣ್ಣ ಸಣ್ಣ ತೂತು, ತೂತಿನ ತುಂಬ ನೊಣ, ಇನ್ನೂ ಉಸಿರಿತ್ತು. ಅಮ್ಮ ಅದರ ಬಾಯಿಗೆ ನೀರು ಬಿಡುತ್ತಿದ್ದಳು. ತಾತ ಬಗ್ಗಿ ಅದರ ಬೆನ್ನು ಸವರಿದರು.

“ಬೆನ್ನಿನ ಕಡೆ ಏನೂ ಆಗಿಲ್ಲ ಬುಡು.”

ಮಾವನೆದುರು ಎಂದೂ ಬಾಯಿ ಬಿಡದ ಅಮ್ಮ ತಲೆಯೆತ್ತದೆ ಹೇಳಿದಳು, “ಇದ್ರ ಮೇಲೆ ನೀವು ಕೂತ್ರೆ, ಪೂಜೆಗೆ ನೀರು ತರೋರ್ನ ಬೇರೆ ನೋಡ್ಕಳಿ ಮಾವ.”

ಮಧ್ಯಾಹ್ನ ಜಿಂಕೆ ಸತ್ತಿತು. ಅಮ್ಮನೇ ನಿಂತು ಚರ್ಮದ ಸಮೇತ ಹೂಳಿಸಿದಳು. ತಾತ ಬರಿ ನೆಲದ ಮೇಲೇ ಪೂಜೆಗೆ ಕೂತರು.

ಇಷ್ಟನ್ನೂ ಅಳಿಯನಿಗೆ ಹೇಳಿದೆ. ಗಮನವಿಟ್ಟೇ ಕೇಳಿದ.

“ಅದುಕ್ಕೇ ಅತ್ತೆ, ಸರಿಯಾದ್ ತೋಟಾ ಆರಿಸ್ಬೇಕು ಅನ್ನೋದು,” ಎಂದ.

ಅವನಿಗೆ ಅನ್ನ ಬಡಿಸಲು ನನಗೆ ಕೈ ಬರಲಿಲ್ಲ. ಮಗಳನ್ನು ಕರೆದೆ.