ನೀಲಿ ಚುಕ್ಕೆಯ ಸೀಸೆ

ಮಕ್ಕಳ ವಾರ್ಡಿನ ಆಯಾಗೆ ಹತ್ತೊಂಬತ್ತು ವರ್ಷದಿಂದ ಒಂದು ಅಭ್ಯಾಸ. ಖಾಲಿಯಾದ ಇಂಜೆಕ್ಷನ್ ಸೀಸೆಯ ಲೇಬಲ್ಲಿನ ಮೂಲೆಗೆ ನೀಲಿ ಪೆನ್ನಿನಿಂದ ಚುಕ್ಕೆ ಇಡುತ್ತಿದ್ದಳು, ತುಂಬಿದ್ದರ ಜೊತೆ ಬೆರೆಯದಿರಲೆಂದು. ಆಮೇಲೆ ಒಡೆದು ಹಾಕಬೇಕು; ಆದರೆ ಈಚೆಗೆ ಒಡೆಯುತ್ತಿರಲಿಲ್ಲ. "ಶಾಲೆ ಮಕ್ಕಳ ಪ್ರಯೋಗಕ್ಕೆ ಬೇಕು ಅಕ್ಕಾ, ಚೆನ್ನಾಗಿ ತೊಳೆದು ಕೊಡು" ಎಂದಿದ್ದ ತಮ್ಮ.

ಅವಳ ಬೆನ್ನಿಗೆ ಬಿದ್ದವನು. ಅವರಿವರ ಕೈಕಾಲು ಹಿಡಿದು ಅದೇ ಆಸ್ಪತ್ರೆಯ ಔಷಧಿ ಉಗ್ರಾಣದಲ್ಲಿ ಕೆಲಸ ಕೊಡಿಸಿದ್ದವಳು ಅವಳೇ. ಎಲ್ಲರ ಮನೆಯ ಕಷ್ಟಸುಖ ವಿಚಾರಿಸುವ ಅವನನ್ನು ನರ್ಸುಗಳು 'ಸಕ್ಕರೆ ಸಾಹೇಬ' ಎನ್ನುತ್ತಿದ್ದರು. ಅಕ್ಕ ಹೆಮ್ಮೆಯಿಂದ ಉಬ್ಬಿ ಹೋಗುತ್ತಿದ್ದಳು, ಪೆದ್ದಿ!

ಆರನೇ ಮಂಚದ ಹುಡುಗಿಗೆ ನಾಲ್ಕು ದಿನವಾದರೂ ಜ್ವರ ಇಳಿಯಲಿಲ್ಲ. ಐದನೇ ಬೆಳಿಗ್ಗೆ ನರ್ಸು ಹೊಸ ಡಬ್ಬಿ ಒಡೆದು ಸೀಸೆ ತೆಗೆದಳು. ಲೇಬಲ್ಲಿನ ಮೂಲೆಯಲ್ಲಿ ನೀಲಿ ಚುಕ್ಕೆ. ತುಂಬಿದ ಸೀಸೆಗೆ ಆಯಾ ಎಂದೂ ಚುಕ್ಕೆ ಇಟ್ಟವಳಲ್ಲ. ಸೀಸೆ ಕಿತ್ತುಕೊಂಡು, "ಇದು ಬೇಡ, ಬೇರೆ ಕಡೆಯಿಂದ ತರಿಸಿ" ಎಂದವಳೇ ತಮ್ಮನ ಮನೆಗೆ ಓಡಿದಳು.

ಅವನು ತಿಂಡಿ ತಿನ್ನುತ್ತಿದ್ದ. ತಟ್ಟೆಯ ಪಕ್ಕದಲ್ಲೇ ಮುಚ್ಚಳ ಒತ್ತುವ ಪುಟ್ಟ ಯಂತ್ರ, ಅವಳು ತೊಳೆದ ಸೀಸೆಗಳ ಸಾಲು. ಬಚ್ಚಿಡುವಷ್ಟು ನಾಚಿಕೆಯೂ ಇರಲಿಲ್ಲ ಅವನಿಗೆ.

"ಆರನೇ ಮಂಚದ ಹುಡುಗಿಗೆ ನಾಲ್ಕು ದಿನದಿಂದ ಜ್ವರ ಇಳಿದಿಲ್ಲ. ಇದರಲ್ಲಿ ಏನು ತುಂಬಿದ್ದೀಯೋ?"

"ನೀರು. ವಿಷ ಅಲ್ವಲ್ಲ?" ನಕ್ಕ. "ಕೂತ್ಕೋ, ಕಾಫಿ ಕುಡಿ. ಅಸಲಿ ಔಷಧಿ ಹೊರಗೆ ಮಾರೋದು ಎಲ್ಲರೂ ಮಾಡ್ತಾರೆ ಅಕ್ಕಾ. ನಿನ್ನ ಮನೆ ಫ್ರಿಜ್ ಎಲ್ಲಿಂದ ಬಂತು ಅಂದ್ಕೊಂಡೆ?"

ಕೊಡಿಸಿದ್ದವನು ಅವನೇ; ಸಂಬಳದ ದುಡ್ಡು ಎಂದುಕೊಂಡಿದ್ದಳು ಅವಳು. ಆ ಫ್ರಿಜ್ಜಿನ ತಣ್ಣೀರು ಕುಡಿದ ಗಂಟಲನ್ನೇ ಹಿಸುಕಿಕೊಳ್ಳಬೇಕು ಎನಿಸಿತು. ಕಳ್ಳನ ಮುಖದಲ್ಲಿ ಅಳುಕಿರುತ್ತದೆ ಎಂದು ನಂಬಿದ್ದಳು. ಇಲ್ಲಿದ್ದದ್ದು ಹೊಟ್ಟೆ ತುಂಬಿದವನ ನೆಮ್ಮದಿ, ಅಷ್ಟೇ.

ಅವನ ಕಣ್ಣೆದುರೇ ಸೀಸೆ, ಯಂತ್ರ ಎಲ್ಲವನ್ನೂ ಸೆರಗಿಗೆ ಸುರಿದುಕೊಂಡಳು.

"ಎಲ್ಲಿಗೆ?"

"ದೊಡ್ಡ ಡಾಕ್ಟರ ಹತ್ರ. ತುಂಬಿದ್ದು ನೀನು, ತೊಳೆದಿದ್ದು ನಾನು. ಎರಡೂ ಹೇಳ್ತೀನಿ."

ಆಗ ಎದ್ದ. ಬೀದಿಯುದ್ದಕ್ಕೂ ಬೆನ್ನು ಹತ್ತಿ ಬಂದ. ನನ್ನ ಕೆಲಸ ಹೋಗುತ್ತೆ ಅಂದ, ಹೊಸ ಬೈಕು ಅಂದ, ನಿನ್ನ ಪಿಂಚಣಿಯೂ ಹೋಗುತ್ತೆ ನೋಡು ಅಂದ, ಅಮ್ಮನ ಆಣೆ ಹಾಕಿದ, ಕೊನೆಗೆ ಅತ್ತೂ ಬಿಟ್ಟ. ಅವಳು ತಿರುಗಿ ನೋಡಲಿಲ್ಲ. ಒಂದೇ ಒಂದು ಮಾತಿಗಾಗಿ ಕಿವಿ ತೆರೆದಿದ್ದಳು. ಆಸ್ಪತ್ರೆಯ ಮೆಟ್ಟಿಲು ಬಂತು. ಆರನೇ ಮಂಚದ ಹುಡುಗಿ ಹೇಗಿದ್ದಾಳೆಂದು ಅವನು ಕೇಳಲೇ ಇಲ್ಲ.